ನನ್ನ ಕಾರಿನ ಎರಡು ಕಿವಿ

ಕೆಲವರ ಮನೆಯಲ್ಲಿ ನಳ ಸೋರುತ್ತದೆ, ಕೆಲವರ ಮನೆಯಲ್ಲಿ ಮಿಕ್ಸರ್ ಕೈಕೊಡುತ್ತದೆ, ನಮ್ಮ ಮನೆಯಲ್ಲಿ ಕಾರಿನ ಕನ್ನಡಿ. ಇವತ್ತಿಗೆ ಇದರ ಕಾಟ ಮುಗಿಯಿತು ಅಂದುಕೊಂಡಾಗಲೆಲ್ಲ ಅದು ಹೊಸದೊಂದು ಆಟ ತೆಗೆಯುತ್ತಿತ್ತು. ನಾನು ಹೊಸದೊಂದು ಊರಿನಲ್ಲಿ ಹೊಸದಾಗಿ ನಗೆಪಾಟಲಾಗುತ್ತಿದ್ದೆ.

ನಾನು ದನದ ಡಾಕ್ಟರು. ಮನೆ ಗೋಕಾಕದಲ್ಲಿ, ನೌಕರಿ ಮೂಡಲಗಿ ಕಡೆ. ಆಕಳು ಮೇವು ಬಿಟ್ಟಿದೆ, ಎಮ್ಮೆ ಈಯಲಾರದೆ ಒದ್ದಾಡುತ್ತಿದೆ ಎಂದು ಯಾವ ತೋಟದಿಂದ ಫೋನ್ ಬಂದರೂ ಓಡಬೇಕು. ಹಾಗೆ ಓಡಾಡಲು ನನಗಿರುವುದು ಕೊಲ್ಲಾಪುರದಿಂದ ತಂದ ಒಂದು ಹಳೆಯ ಕಾರು. ಹೊಸದಿದ್ದಾಗ ಅದು ಶ್ರೀಮಂತರ ಗಾಡಿಯಂತೆ. ಆ ಶ್ರೀಮಂತಿಕೆಯಲ್ಲಿ ಈಗ ಉಳಿದದ್ದು ಒಂದೇ: ಬಾಗಿಲ ಪಕ್ಕದ ಎರಡೂ ಕನ್ನಡಿ ಗುಂಡಿ ಒತ್ತಿದರೆ ತಾವಾಗಿಯೇ ಮಡಚಿಕೊಳ್ಳುತ್ತವೆ, ಮತ್ತೆ ಒತ್ತಿದರೆ ಬಿಚ್ಚಿಕೊಳ್ಳುತ್ತವೆ. ಕೀಲಿ ಹಾಕಿದರೂ ಮಡಚುತ್ತವೆ. ನಮ್ಮ ಓಣಿ ಎಷ್ಟು ಇಕ್ಕಟ್ಟೆಂದರೆ ಕನ್ನಡಿ ಮಡಚದೆ ಗಾಡಿ ಮನೆಯ ಮುಂದೆ ಬರುವುದೇ ಇಲ್ಲ. ಹೊತ್ತು ಮುಳುಗುವ ತನಕ ದನದ ಮುಖ ನೋಡುವ ನನಗೆ ಆ ಕನ್ನಡಿಗಳು ಕಿವಿಯ ಹಾಗೇ ಕಂಡವು. ಹಾಗಾಗಿ ಅವನ್ನು ಕಿವಿ ಎಂದೆ. ಈಗ ಓಣಿಗೆ ಓಣಿಯೇ ಹಾಗೆ ಕರೆಯುತ್ತದೆ.

ಮನೆಯಲ್ಲಿ ನಾವು ಮೂವರು. ನಾನು, ಸಹಕಾರಿ ಸಂಘವೊಂದರಲ್ಲಿ ಕೆಲಸ ಮಾಡುವ ನನ್ನ ಯಜಮಾನರು, ಮತ್ತು ಅವರ ತಾಯಿ, ಅಂದರೆ ನನ್ನ ಅತ್ತೆ. ನಾಲ್ಕನೆಯದು ಈ ಗಾಡಿ. ಯಜಮಾನರು ಲೆಕ್ಕ ಮಾಡುವಾಗ ಅದನ್ನು ಬಿಡುತ್ತಾರೆ. ನಾನು ಮತ್ತು ಅತ್ತೆ ಬಿಡುವುದಿಲ್ಲ.

ಬಳ್ಳೊಳ್ಳಿ ಎಣ್ಣೆ

ಕೌಜಲಗಿಯ ಒಂದು ತೋಟದ ಮನೆ. ಎಮ್ಮೆಯ ಹೊಟ್ಟೆಯಲ್ಲಿ ಕರು ಅಡ್ಡ ಬಿದ್ದಿತ್ತು. ನಾನು ಗಾಡಿಯನ್ನು ಬೇವಿನ ಮರದ ಕೆಳಗೆ ನಿಲ್ಲಿಸಿ, ಕೀಲಿ ಒತ್ತಿ, ತೋಳೇರಿಸುತ್ತ ಕೊಟ್ಟಿಗೆಗೆ ಓಡಿದೆ. ತಾಯಿಗೂ ನನಗೂ ಸಾಕುಸಾಕಾದ ಮೇಲೆ ಕರು ಹೊರಬಂತು. ಹೆಣ್ಣು ಕರು. ಇನ್ನೇನು ಮನೆಯವರು ಕುಣಿದಾಡುತ್ತಾರೆ ಎಂದು ತಿರುಗಿ ನೋಡಿದರೆ ಕೊಟ್ಟಿಗೆಯಲ್ಲಿ ಒಬ್ಬರೂ ಇಲ್ಲ. ಎಲ್ಲರೂ ನನ್ನ ಗಾಡಿಯ ಸುತ್ತ ನಿಂತಿದ್ದಾರೆ.

ಬಲಗಡೆಯ ಕಿವಿ ಮಡಚುತ್ತಿತ್ತು, ಬಿಚ್ಚುತ್ತಿತ್ತು, ಮತ್ತೆ ಮಡಚುತ್ತಿತ್ತು. ಒಳಗಿನಿಂದ ಕರ್ ಕರ್ ಎಂಬ ಸದ್ದು ಬೇರೆ. ಎಡಗಡೆಯದು ಮಾತ್ರ ಶಾಂತವಾಗಿತ್ತು.

ಮನೆಯ ಹಿರಿಯಜ್ಜಿ ಗಲ್ಲಕ್ಕೆ ಕೈಯಿಟ್ಟುಕೊಂಡು ಹೇಳಿದಳು: "ಡಾಕ್ಟರ್ ಬಾಯಾರ, ನಿಮ್ಮ ಗಾಡಿ ಕಿವ್ಯಾಗ ಏನೋ ಹೊಕ್ಕೈತ್ರಿ."

"ಇಲ್ಲಬೇ ಯಮ್ಮಾ, ಅದರಾಗ ಸಣ್ಣ ಮೋಟಾರ್ ಇರ್ತೈತಿ, ಅದು ಕೆಟ್ಟಿರಬೇಕು."

"ಒಂದ ಕಿವಿ ಅಷ್ಟ ಅಲ್ಲಾಡಸಾಕತ್ತೈತಿ ಅಂದ್ರ ಒಳಗ ಏನರ ಹೊಕ್ಕೈತಿ ಅಂತನ. ನೀವು ದನದ ಡಾಕ್ಟರು, ನಿಮಗ ನಾ ಹೇಳಬೇಕೇನ್ರಿ?"

ನಾನು ಕೈ ತೊಳೆದು ಬರುವಷ್ಟರಲ್ಲಿ ಅಜ್ಜಿ ಒಲೆಯ ಮೇಲಿಂದ ಬಟ್ಟಲು ತಂದಾಗಿತ್ತು. ಬಳ್ಳೊಳ್ಳಿ ಹಾಕಿ ಕಾಸಿದ ಬೆಚ್ಚನೆಯ ಎಣ್ಣೆ. ಬೇಡ ಬೇಡ ಎನ್ನುವುದರೊಳಗೆ ಕನ್ನಡಿಯ ಬುಡದ ಸಂದಿಗೆ ನಿಧಾನವಾಗಿ ಬಿಟ್ಟೇಬಿಟ್ಟಳು. ಸುಳ್ಳು ಹೇಳಿದರೆ ನಾಲಿಗೆ ಬಿದ್ದೀತು, ಕಿವಿ ಎರಡು ಸಲ ಕೊಡವಿಕೊಂಡು ಸುಮ್ಮನಾಯಿತು. ಗೋಕಾಕದ ತನಕ ಗಾಡಿಯೊಳಗೆಲ್ಲ ಚಟ್ನಿಯ ವಾಸನೆ.

ಹೊರಡುವಾಗ ಅಜ್ಜಿ ಕಿಟಕಿಯ ಹತ್ತಿರ ಬಂದು ನನಗೇ ಸಲಹೆ ಕೊಟ್ಟಳು: "ಎರಡ ಮೂರ ದಿನಾ ಇದರ ತಲಿಗಿ ನೀರ ಹಾಕಬ್ಯಾಡ್ರಿ ಮತ್ತ."

ಯಾವ ಪಾರ್ಟಿ?

ನಮ್ಮ ಓಣಿಯ ಬಾಯಲ್ಲಿ ಒಬ್ಬ ಕಾಕಾ ಇದ್ದಾರೆ. ನೌಕರಿಯಿಂದ ನಿವೃತ್ತರಾದ ಮೇಲೆ ಅವರದು ಎರಡೇ ಕೆಲಸ. ಒಂದು, ನಾನು ಗಾಡಿ ಒಳಗೆ ತರುವಾಗ "ಬರ್ಲಿ, ಬರ್ಲಿ, ಬರ್ಲಿ, ಹೋ!" ಎಂದು ಕೈ ಮಾಡುವುದು. ಇನ್ನೊಂದು, ಬಿಳಿ ಧೋತರ ಒಗೆದು ಓಣಿಯಲ್ಲಿ ಹಗ್ಗದ ಮೇಲೆ ಒಣಹಾಕುವುದು.

ಒಂದು ಮುಂಜಾನೆ ಯಜಮಾನರ ಆಫೀಸಿನಲ್ಲಿ ದೊಡ್ಡ ಮೀಟಿಂಗು. ಇಸ್ತ್ರಿ ಅಂಗಿ ತೊಟ್ಟು ನನ್ನ ಪಕ್ಕ ಕೂತಿದ್ದರು, ದಾರಿಯಲ್ಲಿ ಅವರನ್ನು ಇಳಿಸಿ ನಾನು ಮೂಡಲಗಿಗೆ ಹೋಗಬೇಕು. ಕಿವಿ ಮಡಚಿ ಗಾಡಿಯನ್ನು ಓಣಿಯಿಂದ ಮೆಲ್ಲಗೆ ಹೊರತಂದೆ. ಕಾಕಾರ ಮನೆಯ ಮುಂದೆ ಬಂದಾಗ ಎಡಗಡೆಯ ಕಿವಿ ನನ್ನನ್ನು ಕೇಳದೆ ಬಿಚ್ಚಿಕೊಂಡಿತು, ಹಗ್ಗದ ಮೇಲಿನ ಧೋತರದ ಸೆರಗಿನೊಳಗೆ ತಲೆ ಹಾಕಿತು, ಮತ್ತೆ ಮಡಚಿ ಅದನ್ನು ಕಚ್ಚಿ ಹಿಡಿಯಿತು. ನಾನು ಬಲಗಡೆಯ ಗೋಡೆ ನೋಡುತ್ತಿದ್ದೆ. ಯಜಮಾನರು ತಲೆ ಬಾಚಿಕೊಳ್ಳುತ್ತಿದ್ದರು. ಇಬ್ಬರಿಗೂ ಗೊತ್ತಾಗಲಿಲ್ಲ.

ದೊಡ್ಡ ರಸ್ತೆಗೆ ಬಂದು ವೇಗ ಹಿಡಿದೆ. ಆಗ ಊರಲ್ಲಿ ಚುನಾವಣೆಯ ಗಾಳಿ. ಚಹಾದ ಅಂಗಡಿಯವರು ಎದ್ದು ನಿಂತರು. ತರಕಾರಿ ಮಾರುವವಳು ಕೈ ಎತ್ತಿದಳು. ಯಜಮಾನರ ಮುಖ ಅರಳಿತು. "ನೋಡಿದೆಲ್ಲ, ಮಂದಿ ನಮ್ಮ ಸಂಘದ ಮ್ಯಾಲ ಎಷ್ಟ ಪ್ರೀತಿ ಇಟ್ಟಾರ," ಎಂದು ಅವರೂ ಕೈ ಬೀಸತೊಡಗಿದರು. ಒಬ್ಬ ಬೈಕಿನ ಮೇಲೆ ನಮ್ಮ ಜೊತೆಜೊತೆಗೇ ಬಂದು ಕೂಗಿ ಕೇಳಿದ: "ಸಾಹೇಬ್ರ, ಇದ ಯಾವ ಪಾರ್ಟಿ ರೀ? ಚಿಹ್ನಿ ಏನ ಕೊಟ್ಟಾರ?"

ಆಗ ಯಜಮಾನರು ಹಿಂದೆ ತಿರುಗಿ ನೋಡಿದರು. ಕಾಕಾರ ಧೋತರ ಗಾಳಿಗೆ ಬಿಚ್ಚಿಕೊಂಡು ಗಾಡಿಗಿಂತ ಉದ್ದವಾಗಿ ಹಾರುತ್ತಿತ್ತು.

ಆಫೀಸಿನ ಮುಂದೆ ಸಂಘದ ಅಧ್ಯಕ್ಷರೇ ನಿಂತಿದ್ದರು. ಧೋತರ ನೋಡಿ, ಯಜಮಾನರನ್ನು ನೋಡಿ, "ನಮಗೊಂದ ಮಾತ ಹೇಳದ ಚುನಾವಣಿಗಿ ನಿಂತ್ರೇನು?" ಎಂದರು. ಅಷ್ಟರಲ್ಲೇ ಯಾರದೋ ಸ್ಕೂಟರ್ ಹಿಂದೆ ಕೂತು ಕಾಕಾ ಬಂದರು. ಸೊಂಟಕ್ಕೆ ಟವೆಲ್ ಇತ್ತು. ಇಳಿದವರೇ ಎಲ್ಲರೆದುರು ಯಜಮಾನರಿಗೆ ಕೈ ಮುಗಿದರು: "ನೀ ಆರಿಸಿ ಬಾ ತಮ್ಮಾ, ನನ್ನ ಓಟ ನಿನಗ. ಆದ್ರ ಧೋತರ ಕೊಟ್ಟ ಹೋಗು, ಇನ್ನೊಂದು ನೀರಾಗ ನೆನಿ ಇಟ್ಟೇನಿ."

ಅಮಾಸಿ ದಾರ

ಇದಾದ ಸಂಜೆ ಯಜಮಾನರು ತೀರ್ಮಾನ ಹೇಳಿದರು: "ಈ ಗಾಡಿ ಸಾಕು. ಕಣಗಲಾದಾಗ ಒಬ್ಬಾಂವ ಗಿರಾಕಿ ಅದಾನ. ಮಾರಿಬಿಡೂಣು."

ಮದುವೆಯಾಗಿ ಬಂದ ಮೇಲೆ ನಾನು ಗಾಡಿ ಕಲಿತದ್ದೇ ಇದರ ಮೇಲೆ. ಸುತ್ತಲಿನ ಊರುಗಳಲ್ಲಿ ಮಂದಿ ದೂರದಿಂದಲೇ ಇದನ್ನು ಗುರುತಿಸಿ ಗೇಟು ತೆರೆದಿಡುತ್ತಾರೆ. ಹೊಸ ಗಾಡಿ ಬಂದರೆ ಅದು ಯಜಮಾನರದಾಗುತ್ತದೆ, ಆಫೀಸಿನ ನೆರಳಲ್ಲಿ ನಿಲ್ಲುತ್ತದೆ, ನಾನು ಬಸ್ಸಿಗೆ ಕಾಯುತ್ತೇನೆ. ಇದರಲ್ಲಿ ನನಗೆ ಏನೇನೂ ಸಂಶಯವಿರಲಿಲ್ಲ.

ಅತ್ತೆಗೂ ಇರಲಿಲ್ಲ. ಅವರ ತಂಗಿ ಧುಪದಾಳದಲ್ಲಿದ್ದಾರೆ. ಕರೆದುಕೊಂಡು ಹೋಗು ಎಂದರೆ ಮಗ "ರವಿವಾರ ನೋಡೂಣು" ಎನ್ನುತ್ತಾರೆ, ಆ ರವಿವಾರ ಬರುವುದೇ ಇಲ್ಲ. ನಾನು ಆ ಕಡೆ ಹೋಗುವಾಗ ಅತ್ತೆ ಕೇಳದೆಯೇ ಬಂದು ಮುಂದಿನ ಸೀಟಿನಲ್ಲಿ ಕೂರುತ್ತಾರೆ. ಸೆರಗು ಬಿಗಿದು, ಕಿಟಕಿ ಇಳಿಸಿ, ಎದುರು ಬರುವ ಬಸ್ಸಿಗೆಲ್ಲ "ಬಾಜೂ ಸರಿ" ಎಂದು ಕೈ ಮಾಡುತ್ತಾರೆ. ಮಾರುವ ಮಾತು ಕೇಳಿಯೂ ಅವರು ಅಡಕೆ ಕತ್ತರಿಸುತ್ತಿದ್ದವರು ಹಾಗೇ ಕತ್ತರಿಸಿದರು.

"ಕಿವಿ ನೆಟ್ಟಗಾದ್ರ?" ಎಂದು ನಾನು ಕೇಳಿದೆ.

"ಮೊದ್ಲ ನೆಟ್ಟಗ ಮಾಡಿಸ್ಕೊಂಡ ಬಾ. ಆಮ್ಯಾಲ ಮಾತಾಡೂಣು," ಎಂದರು ಯಜಮಾನರು. ಕಿವಿ ಸರಿಯಾದರೆ ಗಾಡಿ ಉಳಿಯಿತು ಎಂದು ನಾನು ತಿಳಿದುಕೊಂಡೆ.

ಇಲ್ಲಿ ನಮ್ಮ ಮನೆಯ ಒಂದು ಪದ್ಧತಿ ಹೇಳಬೇಕು. ಪ್ರತಿ ಅಮಾವಾಸ್ಯೆಗೆ ಅತ್ತೆ ಗಾಡಿಗೆ ಪೂಜೆ ಮಾಡುತ್ತಾರೆ. ಭಂಡಾರದ ಅರಿಸಿನ, ಕುಂಕುಮ, ಕಾಯಿ, ಕೊನೆಗೆ ಎರಡೂ ಕಿವಿಯ ಬುಡಕ್ಕೆ ನಿಂಬೆಹಣ್ಣಿನ ಜೊತೆ ಒಂದೊಂದು ಕರಿದಾರ, ಯಾರ ಕೆಟ್ಟ ಕಣ್ಣೂ, ಯಾರ ನೆದರೂ ತಾಗಬಾರದು ಎಂದು. ಹೆಣ್ಣುಮಗಳು ಒಬ್ಬಳೇ ಹಾಳು ದಾರಿಯಲ್ಲಿ ತಿರುಗುತ್ತಾಳೆ, ಗಾಡಿಗಾದರೂ ಒಂದು ಕಾವಲಿರಲಿ ಎಂಬುದು ಅವರ ಮನಸ್ಸು. ಹಳೆಯ ದಾರ ಮುಂದಿನ ಅಮಾವಾಸ್ಯೆಯ ಹೊತ್ತಿಗೆ ತಾನಾಗಿ ಮಾಯವಾಗಿರುತ್ತಿತ್ತು. ಎಲ್ಲಿ ಹೋಯಿತು ಎಂದು ಯಾರೂ ಕೇಳಿರಲಿಲ್ಲ.

ಗೋಕಾಕದ ವೈರಿಂಗ್ ಮಿಸ್ತ್ರಿ ಬಹಳ ಭಕ್ತಿಯ ಮನುಷ್ಯ. ಕನ್ನಡಿ ಬಿಚ್ಚುವ ಮೊದಲು ಕರಿದಾರ ನೋಡಿ ಕೈ ಹಿಂದೆ ತೆಗೆದರು. "ಇದನ್ನ ಯಾರ ಕಟ್ಟ್ಯಾರ್ರಿ?"

"ನಮ್ಮ ಅತ್ತಿ."

"ಹಂಗಾದ್ರ ಹರಿಯೂದು ಬ್ಯಾಡ," ಎಂದು ಕೈ ತೊಳೆದು ಬಂದು, ಗಂಟನ್ನು ಉಗುರಿನಿಂದ ಬಿಡಿಸಿ, ದೇವರ ಫೋಟೋಗೆ ನೇತುಹಾಕಿ ಊದಿನಕಡ್ಡಿ ಬೆಳಗಿದರು. ಆಮೇಲೆ ಕನ್ನಡಿ ಬಿಚ್ಚಿ, ಮೋಟಾರನ್ನು ಹೊರಗಿನಿಂದಲೇ ಒರೆಸಿ, ಗ್ರೀಸ್ ಹಚ್ಚಿ ಕೂಡಿಸಿದರು. ಕಿವಿ ಬೆಣ್ಣೆಯ ಹಾಗೆ ತಿರುಗಿತು. ಕೊನೆಗೆ ದಾರವನ್ನು ಕಣ್ಣಿಗೊತ್ತಿಕೊಂಡು, ಇದ್ದಲ್ಲೇ ಮತ್ತೆ ಕಟ್ಟಿ, ಎರಡು ಸಲ ಎಳೆದು ಬಿಗಿ ಮಾಡಿದರು. "ಹಿರ್ಯಾರ ಕಟ್ಟಿದ್ದು, ಸಡ್ಲ ಇರಬಾರದ್ರಿ."

ಓಣಿ ಮುಟ್ಟುವಷ್ಟರಲ್ಲಿ ಕಿವಿ ಅರ್ಧಕ್ಕೇ ನಿಂತಿತು. ಮರುದಿನ ಮತ್ತೆ ಹೋದೆ. ದಾರ ಬಿಚ್ಚಿದರು, ಕಿವಿ ಸರಿಯಾಯಿತು, ದಾರ ಕಟ್ಟಿದರು. ಓಣಿಯಲ್ಲಿ ಮತ್ತೆ ಅದೇ ಕಥೆ. ಆ ವಾರವೆಲ್ಲ ಹೀಗೇ ನಡೆಯಿತು. ಕೊನೆಗೆ ಮಿಸ್ತ್ರಿ ಪಾನಾ ಕೆಳಗಿಟ್ಟು, ಸುತ್ತ ನೋಡಿ, ದನಿ ತಗ್ಗಿಸಿ ಹೇಳಿದರು: "ಬಾಯಾರ, ಇದು ನನ್ನ ಕೈಯಾಗಿಂದಲ್ಲ. ನಿಮ್ಮ ಗಾಡಿಗೆ ಜಬರ್ದಸ್ತ ನೆದರ ಆಗೈತಿ. ಇನ್ನೆರಡ ದಾರ ಜಾಸ್ತಿ ಕಟ್ಟಸ್ರಿ."

ಕಟ್ಟಿಸಿದೆವು.

ಸಂಸ್ಕಾರವಂತ ಗಾಡಿ

ಮೂಡಲಗಿಯ ಮಿಸ್ತ್ರಿಗೆ ಭಕ್ತಿ ಕಡಿಮೆ, ಧೈರ್ಯ ಜಾಸ್ತಿ. ದಾರದ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. "ದೋಷ ಮೋಟಾರಿಂದಲ್ರಿ, ಕರೆಂಟಿಂದು. ಮೋಟಾರಿಗೆ ಜೋರ ಕರೆಂಟ ಕೊಟ್ರ ತಾನ ತಿರಗತೈತಿ," ಎಂದು ಹಳೆಯ ವೈರ್ ಕಿತ್ತು, ಕೈಗೆ ಸಿಕ್ಕ ಇನ್ನೊಂದು ವೈರಿಗೆ ಜೋಡಿಸಿದ. ಕೈಗೆ ಸಿಕ್ಕದ್ದು ಹಾರ್ನಿನದು.

ಹೊಸ ಕರೆಂಟಿನ ಜೋರಿಗೆ ಕಿವಿ ಕರ್ ಎನ್ನುತ್ತಲಾದರೂ ತಿರುಗಿತು, ನಾನು ಖುಷಿಯಿಂದ ಹೊರಟೆ. ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಎತ್ತಿನ ಬಂಡಿ ಅಡ್ಡ ಬಂತು. ಹಾರ್ನ್ ಹೊಡೆದೆ. ಎರಡೂ ಕಿವಿ ಒಟ್ಟಿಗೆ ಮಡಚಿಕೊಂಡವು. ಕೈ ತೆಗೆದೆ, ಬಿಚ್ಚಿಕೊಂಡವು. ಮತ್ತೆ ಹೊಡೆದೆ, ಮತ್ತೆ ಮಡಚಿದವು.

ಬಂಡಿಯ ಮೇಲಿದ್ದ ರೈತ ಹಗ್ಗ ಜಗ್ಗಿ ಎತ್ತು ನಿಲ್ಲಿಸಿ, ನನ್ನ ಗಾಡಿಗೆ ತಿರುಗಿ ಕೈ ಮುಗಿದ. ಅವನು ಮುಗಿದದ್ದು ನೋಡಿ ಹಣ್ಣಿನ ಗಾಡಿಯವನೂ ಮುಗಿದ. ಅಂದು ಮೂಡಲಗಿಯಿಂದ ಗೋಕಾಕದ ತನಕ ನಾನು ದಾರಿ ಬಿಡಿ ಎಂದು ಹಾರ್ನ್ ಹೊಡೆದಲ್ಲೆಲ್ಲ ಜನ ದಾರಿ ಬಿಡದೆ ನಿಂತು ನಮಸ್ಕಾರ ಮಾಡಿದರು. ಒಬ್ಬ ಮುದುಕರಂತೂ ಕಿಟಕಿಯ ತನಕ ಬಂದು, "ಯಾರ ಮನಿ ಮಗಳವ್ವಾ ನೀ? ಈಗಿನ ಮಂದಿ ಹಾರ್ನ ಹೊಡದ ಬೈತಾರ. ನೀ ಹಾರ್ನ ಹೊಡದ ಕೈ ಮುಗೀತಿ," ಎಂದರು.

ಮನೆಯಲ್ಲಿ ಇದನ್ನು ಹೇಳಿದಾಗ ಅತ್ತೆಗೆ ಗಾಡಿಯ ಮೇಲಿನ ಅಭಿಮಾನ ಇನ್ನೂ ಹೆಚ್ಚಾಯಿತು. ಯಜಮಾನರು ಮಾತ್ರ ಕಣಗಲಾಕ್ಕೆ ಫೋನ್ ಮಾಡಿದರು. ಫೋನು ಇಟ್ಟ ಮೇಲೆ ಅವರ ಮುಖ ಸಣ್ಣದಾಗಿತ್ತು. "ಗಾಡಿ ನಮಸ್ಕಾರ ಮಾಡೂ ಸುದ್ದಿ ಅಂವಗ ಮುಟ್ಟೇತಿ. ರಾಜಕೀಯದವ್ರ ಗಾಡಿ ನನಗ ಬ್ಯಾಡ ಅಂತಾನ."

ಹುಳಿ ಮುಖ

ಗೋಕಾಕ ಫಾಲ್ಸಿನ ಹತ್ತಿರ ಒಂದು ಸಲ ಅತ್ತೆ ಮತ್ತು ನಾನು ಕಬ್ಬಿನ ಹಾಲು ಕುಡಿಯಲು ನಿಂತೆವು. ಒಂದು ಮಂಗ್ಯಾ ಬಂದು ಬಲಗಡೆಯ ಕಿವಿಯ ಮೇಲೆ ಕೂತಿತು. ಅಮಾವಾಸ್ಯೆಯ ನಿಂಬೆಹಣ್ಣನ್ನು ದಾರದ ಸಮೇತ ಕಿತ್ತುಕೊಂಡು ಕಚ್ಚಿತು. ಹುಳಿಗೆ ಮುಖ ಹಿಂಡಿತು. ಎದುರಿಗೆ ಕನ್ನಡಿಯಲ್ಲಿ ಇನ್ನೊಂದು ಮಂಗ್ಯಾ ತನ್ನನ್ನೇ ಅಣಕಿಸುತ್ತಿರುವುದು ಕಂಡಿತು. ಕೋಪ ಬಂದು ಫಟ್ಟೆಂದು ಒಂದು ಏಟು ಕೊಟ್ಟಿತು. ಅರ್ಧಕ್ಕೆ ನಿಂತಿದ್ದ ಕಿವಿ ಟಕ್ ಎಂದು ಪೂರಾ ಬಿಚ್ಚಿಕೊಂಡು, ಸಂಜೆಯ ತನಕ ಸರಿಯಾಗಿ ನಡೆಯಿತು.

"ಹನಮಪ್ಪನ ಬಂದ ರಿಪೇರಿ ಮಾಡಿ ಹ್ವಾದ," ಎಂದು ಅತ್ತೆ ಕೈ ಮುಗಿದರು. ಸಂಜೆ, ಕಿವಿ ಬೋಳು ಕಾಣುತ್ತದೆ ಎಂದು ಹೊಸ ದಾರ ಕಟ್ಟಿದರು. ಕಿವಿ ಮತ್ತೆ ಕೆಟ್ಟಿತು. ಯಜಮಾನರಿಗೆ ಹೇಳಿದರೆ, "ಹೋಗಿ ಆ ಮಂಗ್ಯಾನ್ನ ಕರ್ಕೊಂಡ ಬಾ. ಈ ಮಿಸ್ತ್ರಿಗಳಿಗಿಂತ ಅದ ಪಾಡ," ಎಂದರು.

ಹುಕ್ಕೇರಿಯ ಆಪರೇಷನ್

ಹುಕ್ಕೇರಿಯಲ್ಲಿ ಒಬ್ಬ ದೊಡ್ಡ ಮಿಸ್ತ್ರಿ ಇದ್ದಾನೆ, ಕಂಪ್ಯೂಟರ್ ಹಚ್ಚಿ ನೋಡುತ್ತಾನೆ ಎಂದು ಕೇಳಿ ಅಮಾವಾಸ್ಯೆಯ ಹಿಂದಿನ ದಿನ ಅಲ್ಲಿಗೆ ಹೋದೆ. ಇದೂ ಆಗದಿದ್ದರೆ ಗಾಡಿಯ ಆಸೆ ಬಿಡುವುದೇ ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ.

ಅವನು ಮೊದಲು ಹಾರ್ನಿನ ವೈರ್ ಬಿಡಿಸಿ ಸರಿಯಾದ ಜಾಗಕ್ಕೆ ಹಚ್ಚಿದ. ಆಮೇಲೆ ಗಾಡಿಗೆ ಲ್ಯಾಪ್‌ಟಾಪ್ ಹಚ್ಚಿ ಬಹಳ ಹೊತ್ತು ನೋಡಿದ. "ಕಂಪ್ಯೂಟರ್ ಪ್ರಕಾರ ನಿಮ್ಮ ಗಾಡಿಗೆ ಏನೂ ಆಗಿಲ್ರಿ."

"ಆದ್ರ ಕಿವಿ ತಿರಗವಲ್ದಲ್ಲ?"

"ಅದು ಕಂಪ್ಯೂಟರಿಗೆ ಗೊತ್ತಿಲ್ರಿ."

"ಈ ದಾರ ತಗದ ಒಳಗ ನೋಡ್ರಿ."

"ಅಮಾಸಿ ದಾರ ನಾ ಮುಟ್ಟೂದಿಲ್ರಿ. ಹ್ವಾದ ವರ್ಷ ಒಬ್ಬರದು ಹರದಿದ್ದೆ, ಮರುದಿನ ನನ್ನ ಬೈಕ್ ಕಳುವಾತು."

ಬೇಸರದಿಂದ ನಾನೇ ಬಗ್ಗಿ, ದನದ ಕಿವಿ ನೋಡುವ ಹಾಗೆ ಬ್ಯಾಟರಿಯ ಬೆಳಕು ಬಿಟ್ಟು ಸಂದಿಯೊಳಗೆ ನೋಡಿದೆ. ಕಟ್ಟಿದ ದಾರದ ಕೆಳಗೆ, ಒಳಗಡೆ, ಕರಿಯ ಬಾಲದಂಥದ್ದೊಂದು ಕಂಡಿತು. ಕೌಜಲಗಿಯ ಅಜ್ಜಿಯ ಮಾತು ಥಟ್ಟನೆ ನೆನಪಾಯಿತು. ಕಿವಿಯಲ್ಲಿ ಏನೋ ಹೊಕ್ಕಿತ್ತು!

ನನ್ನ ಪೆಟ್ಟಿಗೆಯಿಂದ ಉದ್ದ ಚಿಮಟಾ ತೆಗೆದೆ. ಮನಸ್ಸಿನಲ್ಲೇ ಅತ್ತೆಯ ಕ್ಷಮೆ ಕೇಳಿ ಹೊರಗಿನ ದಾರ ಬಿಚ್ಚಿದೆ, ಒಳಗಿನ ಬಾಲ ಹಿಡಿದು ಎಳೆದೆ. ಬಂತು. ಮತ್ತೆ ಎಳೆದೆ, ಮತ್ತೆ ಬಂತು. ಎಷ್ಟೋ ಅಮಾವಾಸ್ಯೆಯ ದಾರ! ಕಿವಿ ತಿರುಗಿದಾಗಲೆಲ್ಲ ಬುಡದ ದಾರವನ್ನು ಒಳಗೆಳೆದುಕೊಂಡು ನುಂಗಿದೆ. ಒಳಗಿನ ಸಣ್ಣ ಹಲ್ಲಿನ ಚಕ್ರಕ್ಕೆ ಅದು ಸುತ್ತಿ ಸುತ್ತಿ ಗಂಟಾಗಿದೆ. ಎಣ್ಣೆ, ಗ್ರೀಸು, ಭಂಡಾರ ಎಲ್ಲ ಕೂಡಿ ಆ ಗಂಟು ಕರಿಬೇರಿನ ಹಾಗೆ ಆಗಿತ್ತು, ಬಳ್ಳೊಳ್ಳಿಯ ವಾಸನೆ ಇನ್ನೂ ಬರುತ್ತಿತ್ತು. ಗಾಡಿ ಕೆಟ್ಟಿತೆಂದು ದಾರ ಕಟ್ಟಿದ್ದೆವು, ದಾರ ಕಟ್ಟಿದ್ದಕ್ಕೆ ಗಾಡಿ ಕೆಟ್ಟಿತ್ತು. ನಗಬೇಕೋ ಅಳಬೇಕೋ ತಿಳಿಯದೆ ನಾನು ನಕ್ಕೆ.

ಅಷ್ಟರಲ್ಲಿ ಗ್ಯಾರೇಜಿನ ಮುಂದೆ ಮಂದಿ ನೆರೆದಿತ್ತು. ಎರಡೂ ಕಡೆಯ ಗಂಟು ತೆಗೆದು ಗುಂಡಿ ಒತ್ತಿದಾಗ ಕಿವಿಗಳು ಒಂದು ಸದ್ದಿಲ್ಲದೆ ಮಡಚಿ ಬಿಚ್ಚಿದವು, ಎಲ್ಲರೂ ಚಪ್ಪಾಳೆ ಹೊಡೆದರು. ಮಿಸ್ತ್ರಿ ಭಯಭಕ್ತಿಯಿಂದ ಕೇಳಿದ: "ಹೊಲಿಗಿ ಹಾಕೂದೈತೇನ್ರಿ?"

ನಾನು ಚಿಮಟಾ ಒರೆಸಿ ಹೊರಡುವಾಗ ರೈತರೊಬ್ಬರು ಹಿಂದಿನಿಂದ ಓಡಿ ಬಂದರು. "ಡಾಕ್ಟರ್ ಬಾಯಾರ, ಒಂದ ನಿಮಿಷ ನಮ್ಮ ಟ್ರ್ಯಾಕ್ಟರ್ ನೋಡಿ ಹೋಗ್ರಿ. ಮುಂಜಾನೆದ್ದ ಕೂಡ್ಲೆ ಬಾಳ ಕೆಮ್ಮತೈತಿ."

ಗಿರಾಕಿ

ಗೆದ್ದ ಸಂಭ್ರಮದಲ್ಲಿ ಮನೆಗೆ ಬಂದೆ. ಕಿವಿ ಮಡಚಿ, ಬಿಚ್ಚಿ, ಮಡಚಿ ತೋರಿಸಿದೆ. ದಾರದ ಗಂಟನ್ನೂ ತೋರಿಸಿದೆ. ಯಜಮಾನರು ಮೆಚ್ಚಿ ತಲೆಯಾಡಿಸಿದರು, ಜೇಬಿನಿಂದ ಫೋನ್ ತೆಗೆದು ಕಣಗಲಾಕ್ಕೆ ಹಚ್ಚಿದರು. "ನಮಸ್ಕಾರ್ರಿ. ನಮಸ್ಕಾರ ಮಾಡೂದು ಬಿಟ್ಟೈತ್ರಿ, ಕಿವಿ ಏಕದಂ ನೆಟ್ಟಗಾಗ್ಯಾವು. ನಾಳೆ ಮುಂಜಾನೆ ಬಂದಬಿಡ್ರಿ."

"ಅಲ್ರೀ, ನೆಟ್ಟಗಾದ್ರ ಮಾರೂದಿಲ್ಲ ಅಂದಿದ್ರೆಲ್ಲ?"

"ಆಮ್ಯಾಲ ಮಾತಾಡೂಣು ಅಂದಿದ್ದೆ. ಈಗ ಮಾತಾಡೇನಲ್ಲ? ಗಾಡಿ ನೆಟ್ಟಗಿದ್ದಾಗನ ಮಾರಬೇಕು. ಕೆಟ್ಟದ್ದ ಯಾರ ತಗೋತಾರ?"

ನನಗೆ ಎಷ್ಟು ಸಿಟ್ಟು ಬಂತೆಂದರೆ ಅಂದಿನ ರೊಟ್ಟಿಗಳೆಲ್ಲ ನನ್ನ ಬಡಿತಕ್ಕೆ ಹರಿದವು. ನನ್ನ ಕೈಯಾರೆ ಗಾಡಿ ಸರಿ ಮಾಡಿ ನಾನೇ ಅದನ್ನು ಕಳೆದುಕೊಂಡಿದ್ದೆ. ಅತ್ತೆ ಒಲೆಯ ಹತ್ತಿರ ಬಂದು ಕೂತರು. ದಾರದ ಗಂಟು ಅವರ ಕೈಯಲ್ಲಿತ್ತು. ನಾನು ಕಟ್ಟಿದ್ದರಿಂದಲೇ ಕೆಟ್ಟಿತಲ್ಲ ಎಂದು ನೊಂದಿರಬಹುದು ಎಂದು ನನಗೂ ಸಂಕಟವಾಯಿತು. ಅವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಒಂದೇ ಮಾತು ಕೇಳಿದರು: "ಒಂದ ದಾರ ಇದ್ರೂ ಕೆಡ್ತೈತೇನವಾ?"

"ಬಿಗ್ಯಾಗಿ ಕಟ್ಟಿದ್ರ ಒಂದ ಸಾಕ್ರಿ ಅತ್ತಿ," ಎಂದೆ, ಸಿಟ್ಟಿನಲ್ಲಿ ಮುಖ ಎತ್ತದೆಯೇ.

ಮರುದಿನ ಅಮಾವಾಸ್ಯೆ. ಕಣಗಲಾದ ಗಿರಾಕಿ ಬೆಳಗ್ಗೆಯೇ ಬಂದ. ದೊಡ್ಡ ಮೀಸೆಯ, ಒಳ್ಳೆಯ ರೈತ. ಸಂತೆಯಲ್ಲಿ ಎತ್ತು ನೋಡುವ ಹಾಗೆ ಗಾಡಿ ನೋಡಿದ. ಸುತ್ತ ಒಂದು ಸುತ್ತು ಬಂದ, ಬೆನ್ನು ತಟ್ಟಿದ, ಬಗ್ಗಿ ನಾಲ್ಕೂ ಗಾಲಿ ನೋಡಿದ, ಬಾನೆಟ್ ಎತ್ತಿ ಹಲ್ಲು ನೋಡುವವನಂತೆ ಇಣುಕಿದ. "ಪಾಡ ಐತ್ರಿ," ಎಂದ. ಯಜಮಾನರು ಚಹಾ ತರಲು ಹೇಳಿದರು.

ಅಷ್ಟರಲ್ಲಿ ಅತ್ತೆ ಆರತಿ ತಟ್ಟೆ ಹಿಡಿದು ಹೊರಬಂದರು. "ಹೊಂಟ ಗಾಡಿನ ಹಂಗ ಕಳಸಬಾರದಪಾ. ಅಮಾಸಿ ಬ್ಯಾರೆ ಐತಿ, ಪೂಜಿ ಮಾಡಿ ಕೊಡ್ತೇನಿ." ಗಿರಾಕಿ ಚಪ್ಪಲಿ ಬಿಟ್ಟು ನಿಂತ. "ಹಿರ್ಯಾರ ಕೈಯಿಂದ ಪೂಜಿ ಆದ್ರ ನನ್ನ ಪುಣ್ಯಾ ಬಿಡ್ರಿ." ಯಜಮಾನರ ಕಣ್ಣಲ್ಲಿ ನೀರೇ ಬಂತು: "ನಮ್ಮವ್ವನ ಮನಸ್ಸ ನೋಡ್ರಿ, ಎಷ್ಟ ದೊಡ್ಡದು."

ಅತ್ತೆ ಭಂಡಾರ ಹಚ್ಚಿದರು, ಕಾಯಿ ಒಡೆದರು, ಎರಡೂ ಕಿವಿಯ ಬುಡಕ್ಕೆ ಹೊಸ ಕರಿದಾರ ಕಟ್ಟಿದರು. ಕಟ್ಟಿ, ಕೆಳದುಟಿ ಕಚ್ಚಿಕೊಂಡು ಎಳೆದರು. ನಾನು ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತವಳು ಅಲ್ಲೇ ನಿಂತೆ.

"ಇನ್ನ ಕಿವಿ ನೋಡ್ರಿ," ಎಂದು ಯಜಮಾನರು ಹೆಮ್ಮೆಯಿಂದ ಗುಂಡಿ ಒತ್ತಿದರು.

ಬಲಗಿವಿ ಅರ್ಧ ಮಡಚಿ ಕರ್ ಎಂದಿತು, ಬಿಚ್ಚಿತು, ಮತ್ತೆ ಮಡಚಿತು. ಎಡಗಿವಿ ಅದಕ್ಕೆ ಉತ್ತರ ಕೊಟ್ಟಿತು. ಯಜಮಾನರು ಗುಂಡಿಯನ್ನು ಒತ್ತಿದಷ್ಟೂ ಗಾಡಿ ಗಿರಾಕಿಯ ಮುಂದೆ ಜೋರಾಗಿ ಕಿವಿ ಒದರಿ ಕೊಡವಿತು. ಗಿರಾಕಿ ಮೆಲ್ಲಗೆ ಹಿಂದೆ ಸರಿದು ಚಪ್ಪಲಿ ಮೆಟ್ಟಿದ.

"ಸಾಹೇಬ್ರ, ಸಿಟ್ಟ ಆಗಬ್ಯಾಡ್ರಿ. ನಮ್ಮಪ್ಪ ಎತ್ತ ಕೊಳ್ಳಾಕ ಹ್ವಾದಾಗ, ಎತ್ತು ತಲಿ ಒದರಿತಂದ್ರ ಹಗ್ಗ ಹಿಡೀತಿದ್ದಿಲ್ಲ. ಒಲ್ಲೆ ಅನ್ನೂ ಜೀವಾನ ಮನಿಗಿ ಒಯ್ಯಬಾರದು ಅಂತಿದ್ದ. ಇದು ಬಾಯಿಬಿಟ್ಟ ಒಲ್ಲೆ ಅನ್ನಾಕತ್ತೈತ್ರಿ." ಚಹಾ ನಿಂತೇ ಕುಡಿದು, ಅತ್ತೆಗೆ ಕೈ ಮುಗಿದು, ಗಾಡಿಗೂ ಮುಗಿದು ಹೊರಟುಹೋದ.

ಯಜಮಾನರು ದಾರ ನೋಡಿದರು, ಅತ್ತೆಯನ್ನು ನೋಡಿದರು. "ಯವ್ವಾ! ದಾರದಿಂದನ ಕೆಡ್ತೈತಿ ಅಂತ ನಿನ್ನಿ ಅಷ್ಟ ಹೇಳಿದ್ಲಲ್ಲ, ಮತ್ತ ಯಾಕ ಕಟ್ಟಿದಿ?"

ಅತ್ತೆ ಕೈಗೆ ಅಂಟಿದ ಭಂಡಾರ ಒರೆಸಿಕೊಂಡರು. "ದಾರ ಕಟ್ಟೂದು ಗಾಡಿ ಉಳೀಲಿ ಅಂತಪಾ. ಉಳೀತಿಲ್ಲೋ?"

ಯಜಮಾನರು ಅಂಗಿ ಬದಲಿಸಲು ಒಳಗೆ ಹೋದರು. ಅವರು ಒಳಗೆ ಹೋದದ್ದೇ ತಡ, ಅತ್ತೆ ದಾರದ ಒಂದು ತುದಿ ಹಿಡಿದು ಮೆಲ್ಲಗೆ ಎಳೆದರು. ಗಂಟು ಸುರ್ರನೆ ಬಿಚ್ಚಿ ಇಡೀ ದಾರ ಅವರ ಕೈಗೆ ಬಂತು. ದನ ಕಟ್ಟುವಾಗ ನಾನು ಹಾಕುವ ಜಾರುಗಂಟು ಅದು. ಯಾವ ತೋಟದಲ್ಲಿ, ಗಾಡಿಯ ಮುಂದಿನ ಸೀಟಿನಲ್ಲಿ ಕೂತು, ಯಾವಾಗ ನೋಡಿ ಕಲಿತಿದ್ದರೋ! ಇನ್ನೊಂದು ಕಡೆಯದನ್ನೂ ಎಳೆದು, ಎರಡನ್ನೂ ಸೊಂಟದ ಸಂಚಿಗೆ ಸೇರಿಸಿ, ಬಾಗಿಲು ತೆರೆದು ಮುಂದೆ ಕೂತರು. ಕಿಟಕಿ ಇಳಿಸಿದರು.

"ಚಾವಿ ತಗೊಂಡ ಬಾರವಾ, ಧುಪದಾಳಕ್ಕ ಹೋಗೂಣು. ಈ ದಾರ ಪಾಡ ಐತಿ, ಮುಂದಿನ ಗಿರಾಕಿಗೂ ಬರ್ತೈತಿ."